ಆಂಜ್ ಪೊಸ್ಟೆಕೊಗ್ಲು: ಒಂದು ಕ್ಲಬ್ಬು ಬೆಳೆಸಿದ ಹುಡುಗ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಕುರ್ಚಿ ಸಾಲದೆ ಪಾಗಾರದ ಮೇಲೆ ಕೂತಿರುವ ಹುಡುಗರೇ, ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಕೇಳ್ತಾ ಇರುವ ಅಕ್ಕಂದಿರೇ, ನೆರೆಕರೆಯವರೇ, ಎಲ್ಲರಿಗೂ ಜೈ ಭೀಮ್.

ಕಾರ್ಯದರ್ಶಿಗಳು ನನ್ನನ್ನು ಕರೆಯಲು ಮನೆಗೆ ಬಂದಾಗ, "ಯುವಕರಿಗೆ ಸ್ಫೂರ್ತಿ ಆಗುವ ಹಾಗೆ ನಾಲ್ಕು ಮಾತು ಹೇಳಿ ಸರ್" ಅಂದ್ರು. ಸ್ಫೂರ್ತಿ ಅಂದ್ರೆ ನನಗೆ ಸ್ವಲ್ಪ ಹೆದರಿಕೆ ಮಾರಾಯ್ರೆ. ನಾನು ಆಟ ಕಲಿಸುವ ಮೇಷ್ಟ್ರಾಗಿ ಕೆಲಸ ಮಾಡಿದವನು. ವಿಸಿಲ್ ಊದಿ ಗೊತ್ತೇ ಹೊರತು ಸ್ಫೂರ್ತಿ ಊದಿ ಗೊತ್ತಿಲ್ಲ. ಹಾಗಾಗಿ ಆಟದ ಸಂಗತಿಯನ್ನೇ ಮಾತಾಡ್ತೇನೆ.

ವರ್ಲ್ಡ್ ಕಪ್ ಬಂತು ಅಂದ್ರೆ ನಮ್ಮ ಕಡೆ ಹೇಗೆ ಆಗ್ತದೆ ಅಂತ ನಿಮಗೆ ಗೊತ್ತುಂಟು. ಒಂದು ತೋಟದ ತುದಿಯಲ್ಲಿ ಅರ್ಜೆಂಟೀನಾದ ಬಾವುಟ, ಎದುರಿಗೆ ಬ್ರೆಜಿಲ್ ಬಾವುಟ, ನಡುವೆ ಮಾತು ಬಿಟ್ಟ ಅಣ್ಣತಮ್ಮಂದಿರು. ಮೆಸ್ಸಿಯ ಕಟೌಟಿಗೆ ಹಾಕಿದ ದುಡ್ಡಿನಲ್ಲಿ ಎರಡು ಜತೆ ಗೋಲ್‌ಪೋಸ್ಟ್ ಬರ್ತಿತ್ತು, ಅದು ಬೇರೆ ವಿಷಯ. ಇವತ್ತು ನಾನು ಹೇಳುವ ಮನುಷ್ಯನ ಫ್ಲೆಕ್ಸನ್ನು ಯಾರೂ ಹಾಕುವುದಿಲ್ಲ. ಆಟಗಾರನಾಗಿ ಅವನು ದೊಡ್ಡ ಹೆಸರಲ್ಲ. ಆಸ್ಟ್ರೇಲಿಯಾ ದೇಶದ ತಂಡಕ್ಕೆ ಆಡಿದ್ದು ಬರೀ 4 ಪಂದ್ಯ. ಹುಟ್ಟಿದ್ದು ಗ್ರೀಸ್ ದೇಶದ ಅಥೆನ್ಸಿನಲ್ಲಿ, 1965ರಲ್ಲಿ. ಹೆಸರು ಆಂಜೆಲೋಸ್ ಪೊಸ್ಟೆಕೊಗ್ಲು, ಎಲ್ಲರೂ ಕರೆಯುವುದು ಆಂಜ್. ಇಂಗ್ಲೆಂಡಿನ ಟಾಟನ್‌ಹ್ಯಾಮ್ ತಂಡದ ಅಭಿಮಾನಿಗಳು ಯಾರಾದ್ರೂ ಇದ್ರೆ ಈಗ ತಲೆ ಎತ್ತಿರಬೇಕು. ಹಾಂ, ಅಲ್ಲಿ ಒಬ್ಬ ಎತ್ತಿದ.

ಈ ಹೆಸರಿನಿಂದಲೇ ಶುರು ಮಾಡುವ. "ಒಗ್ಲು" ಅನ್ನುವುದು ಗ್ರೀಕ್ ಮಾತಲ್ಲ, ತುರ್ಕಿ ಭಾಷೆಯದು. ಮಗ ಅಂತ ಅರ್ಥ. ಈಗಿನ ಟರ್ಕಿ ದೇಶದ ನೆಲದಲ್ಲಿ ತಲೆತಲಾಂತರದಿಂದ ಇದ್ದ ಗ್ರೀಕರ ಹೆಸರುಗಳಲ್ಲಿ ಹೀಗೆ ಬರ್ತದೆ. 1922ರ ಯುದ್ಧದ ನಂತರ ಅಂಥ ಲಕ್ಷಾಂತರ ಜನ ಮನೆ, ಹೊಲ ಎಲ್ಲ ಬಿಟ್ಟು ಗ್ರೀಸಿಗೆ ಬಂದರು. ಅವರಿಗಾಗಿ ಅಥೆನ್ಸಿನ ಹೊರಗೆ ಕಾಲನಿಗಳಾದವು. ಅದರಲ್ಲೊಂದು ನೆಯಾ ಫಿಲಡೆಲ್ಫಿಯಾ, ಆಂಜ್ ಹುಟ್ಟಿದ ಜಾಗ. ನಿರಾಶ್ರಿತರು 1924ರಲ್ಲಿ ಕಟ್ಟಿಕೊಂಡ ಎಇಕೆ ಎಂಬ ಫುಟ್‌ಬಾಲ್ ಕ್ಲಬ್ಬಿನ ಮೈದಾನ ಇರುವುದೂ ಅಲ್ಲೇ. ಬಂದವರ ಭಾಷೆಯಲ್ಲಿ, ಬಟ್ಟೆಯಲ್ಲಿ, ಊಟದಲ್ಲಿ ಊರಿನವರಿಗೆ ತಪ್ಪು ಕಾಣುತ್ತಿತ್ತು. ಅಂಥ ಕಡೆ ಒಂದು ಕ್ಲಬ್ಬು ಅಂದ್ರೆ ಚೆಂಡು ಒದೆಯುವ ಜಾಗ ಮಾತ್ರ ಅಲ್ಲ ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1967ರಲ್ಲಿ ಗ್ರೀಸಿನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಆಂಜ್‌ನ ಅಪ್ಪನ ವ್ಯಾಪಾರ ಮುಳುಗಿತು. 1970ರಲ್ಲಿ ಅಪ್ಪ, ಅಮ್ಮ, ಅಕ್ಕ ಮತ್ತು ಐದು ವರ್ಷದ ಈ ಹುಡುಗ ಹಡಗು ಹತ್ತಿ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಬಂದರು. ಭಾಷೆ ಗೊತ್ತಿಲ್ಲ, ನೆಂಟರಿಷ್ಟರಿಲ್ಲ. ಅಪ್ಪ ಬೆಳಗ್ಗೆ ಕತ್ತಲಿಗೆ ಎದ್ದು ಕೆಲಸಕ್ಕೆ ಹೋದರೆ ಬರುವುದೂ ಕತ್ತಲಿಗೆ. ಮಗನಿಗೆ ಅಪ್ಪ ಪೂರ್ತಿ ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಆ ಭಾನುವಾರ ಅಪ್ಪ ಮಗ ಕೂಡಿ ಹೋಗುತ್ತಿದ್ದದ್ದು ಮಿಡ್ಲ್ ಪಾರ್ಕ್ ಅನ್ನುವ ಮೈದಾನಕ್ಕೆ. ಅಲ್ಲಿ ಸೌತ್ ಮೆಲ್ಬರ್ನ್ ಹೆಲ್ಲಾಸ್ ಆಡುತ್ತಿತ್ತು. ಹೆಲ್ಲಾಸ್ ಅಂದ್ರೆ ಗ್ರೀಸ್ ದೇಶಕ್ಕೆ ಗ್ರೀಕರೇ ಕರೆಯುವ ಹೆಸರು. ವಲಸೆ ಬಂದ ಗ್ರೀಕರು ಮೂರು ಸಣ್ಣ ಕ್ಲಬ್ಬುಗಳನ್ನು ಸೇರಿಸಿ 1959ರಲ್ಲಿ ಕಟ್ಟಿದ ಕ್ಲಬ್ಬು ಅದು.

ಆಗ ಆಸ್ಟ್ರೇಲಿಯಾದಲ್ಲಿ ದೊಡ್ಡವರ ಆಟಗಳು ಬೇರೆ ಇದ್ದವು: ಕ್ರಿಕೆಟ್, ರಗ್ಬಿ, ಅವರದ್ದೇ ಆದ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ನಾವು ಆಡುವ ಫುಟ್‌ಬಾಲಿಗೆ ಅಲ್ಲಿ "ವಾಗ್‌ಬಾಲ್" ಅನ್ನುತ್ತಿದ್ದರು. ವಾಗ್ ಅಂದ್ರೆ ದಕ್ಷಿಣ ಯುರೋಪಿನಿಂದ ಬಂದ ಕಪ್ಪುಗೂದಲಿನ ಜನರಿಗೆ ಇಟ್ಟ ಬೈಗುಳದ ಹೆಸರು. ಮನುಷ್ಯರನ್ನು ಒಂದು ಹೆಸರಿಟ್ಟು ಬೈದು, ಆಮೇಲೆ ಅವರ ಆಟಕ್ಕೂ ಅದೇ ಹೆಸರು ಅಂಟಿಸುವುದು. ಹೀಗೆ ಹೆಸರಿಡುವ ಬುದ್ಧಿ ನಮ್ಮ ದೇಶದ್ದೊಂದೇ ಸೊತ್ತಲ್ಲ ಅಂತ ಓದಿದಾಗ ನನಗೆ ಸಮಾಧಾನ ಆಯಿತೋ ಬೇಸರ ಆಯಿತೋ ಗೊತ್ತಾಗಲಿಲ್ಲ.

ಒಂದು ನಿಮಿಷ ನನ್ನ ಕತೆ ಹೇಳಿಬಿಡ್ತೇನೆ, ಯಾಕೆ ಅಂತ ಆಮೇಲೆ ತಿಳೀತದೆ. ನಾನು ಹುಡುಗನಾಗಿದ್ದಾಗ ಕೊಯ್ಲು ಮುಗಿದ ಗದ್ದೆಯಲ್ಲಿ ದೊಡ್ಡವರು ಸೆವೆನ್ಸ್ ಆಡುತ್ತಿದ್ದರು. ನಮ್ಮ ಕಾಲನಿಯ ಮಕ್ಕಳಿಗೆ ಅಲ್ಲಿ ಒಂದು ಕೆಲಸ ಇತ್ತು. ಚೆಂಡು ತೋಡಿಗೋ ಮುಳ್ಳಿನ ಪೊದೆಗೋ ಬಿದ್ದರೆ ಹೆಕ್ಕಿ ತರುವುದು. ತಂದ ಚೆಂಡನ್ನು ನೆಲದಲ್ಲಿ ಇಡಬೇಕು, ಕೈಗೆ ಕೊಡುವ ಹಾಗಿಲ್ಲ. ಒಂದು ದಿನ ಒಂದು ತಂಡಕ್ಕೆ ಏಳು ಜನ ಆಗಲಿಲ್ಲ, ಆರೇ ಜನ ಬಂದಿದ್ದರು. ನಾನು ಬದುವಿನ ಮೇಲೆ ನಿಂತಿದ್ದೆ. ಕಾಲು ತೊಳೆದುಕೊಂಡು ಬಂದು ನಿಂತಿದ್ದೆ. ಅವರು ಆರೇ ಜನ ಆಡಿದರು. ಸೋತರು ಕೂಡ. ಸೋತದ್ದು ನನಗೆ ಖುಷಿ ಆಯಿತು ಅಂತ ಒಪ್ಪಿಕೊಳ್ತೇನೆ.

ಆಂಜ್ ಕೂಡ ಮಿಡ್ಲ್ ಪಾರ್ಕಿನಲ್ಲಿ ಚೆಂಡು ಹೆಕ್ಕಿ ಕೊಡುವ ಹುಡುಗನೇ. ಆದರೆ ಅದು ಅವರದ್ದೇ ಕ್ಲಬ್ಬು. ಅಲ್ಲಿ ಚೆಂಡು ಹೆಕ್ಕುವ ಹುಡುಗ ಮಕ್ಕಳ ತಂಡಕ್ಕೆ ಸೇರುತ್ತಾನೆ, ಮಕ್ಕಳ ತಂಡದವನು ದೊಡ್ಡ ತಂಡಕ್ಕೆ, ದೊಡ್ಡ ತಂಡದವನು ಕ್ಯಾಪ್ಟನ್ ಆಗುತ್ತಾನೆ. ಆ ಮೆಟ್ಟಿಲು ಹತ್ತಲಿಕ್ಕೆ ಹುಡುಗನಲ್ಲಿ ಶಕ್ತಿ ಇರಬೇಕು, ನಿಜ. ಆದರೆ ಮೆಟ್ಟಿಲನ್ನು ಯಾರೋ ಮೊದಲೇ ಕಟ್ಟಿ ಇಟ್ಟಿರಬೇಕು. ನನ್ನ ಕತೆಗೂ ಅವನ ಕತೆಗೂ ಇರುವ ವ್ಯತ್ಯಾಸ ಕಾಲಿನ ಬಲದ್ದು ಮಾತ್ರ ಅಲ್ಲ.

ಆಂಜ್ 1984ರಲ್ಲಿ ದೊಡ್ಡ ತಂಡಕ್ಕೆ ಬಂದ. ಡಿಫೆಂಡರ್. 193 ಪಂದ್ಯ ಆಡಿದ, ಬೇರೆ ಕ್ಲಬ್ಬಿಗೆ ಹೋಗಲಿಲ್ಲ. 27ನೇ ವಯಸ್ಸಿಗೆ ಮೊಣಕಾಲು ಕೈಕೊಟ್ಟಿತು, ಆಟ ಮುಗಿಯಿತು. ಇಷ್ಟೇ ಆಗಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ನಡುವೆ ಒಂದು ಸಂಗತಿ ನಡೆಯಿತು.

ಫೆರೆನ್ಸ್ ಪುಷ್ಕಾಶ್ ಅಂತ ಕೇಳಿದ್ದೀರಾ? ವರ್ಷದ ಅತಿ ಚಂದದ ಗೋಲಿಗೆ ಫಿಫಾ ಕೊಡುವ ಬಹುಮಾನ ಅವನ ಹೆಸರಿನಲ್ಲೇ ಉಂಟು. ಹಂಗೇರಿಯವನು. 1953ರಲ್ಲಿ ಇಂಗ್ಲೆಂಡನ್ನು ಅವರದ್ದೇ ವೆಂಬ್ಲಿ ಮೈದಾನದಲ್ಲಿ 6-3ರಿಂದ ಸೋಲಿಸಿದ ತಂಡದ ನಾಯಕ. 1956ರಲ್ಲಿ ಹಂಗೇರಿಯಲ್ಲಿ ದಂಗೆ ಆಗಿ ರಷ್ಯಾದ ಟ್ಯಾಂಕುಗಳು ಬಂದಾಗ ಅವನು ಕ್ಲಬ್ಬಿನ ಜೊತೆ ಪರದೇಶದಲ್ಲಿದ್ದ, ತಿರುಗಿ ಹೋಗಲಿಲ್ಲ. ಆಮೇಲೆ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಸೇರಿ ಗೋಲಿನ ಮೇಲೆ ಗೋಲು ಹೊಡೆದ. ಕೋಚ್ ಆದ ಮೇಲೆ ಗ್ರೀಸಿನ ಪಾನಥಿನಾಯ್ಕೋಸ್ ತಂಡವನ್ನು 1971ರ ಯುರೋಪಿಯನ್ ಕಪ್ ಫೈನಲ್ ತನಕ ಕೊಂಡೊಯ್ದ. ಆ ವರ್ಷಗಳಲ್ಲಿ ಗ್ರೀಕ್ ಮಾತು ಕಲಿತ. ಅಂಥ ಮನುಷ್ಯ ವಯಸ್ಸಾದ ಮೇಲೆ, 1989ರಲ್ಲಿ, ಎಲ್ಲಿಗೆ ಬಂದ ಅಂದ್ರೆ ಸೌತ್ ಮೆಲ್ಬರ್ನ್ ಹೆಲ್ಲಾಸ್‌ಗೆ ಕೋಚ್ ಆಗಿ!

ಅವನಿಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ. ತಂಡದ ಎಲ್ಲರಿಗೂ ಗ್ರೀಕ್ ಬರುವುದಿಲ್ಲ. ಎರಡೂ ಬರುವವನು ಯಾರು? ಕ್ಯಾಪ್ಟನ್ ಆಂಜ್. ಅವನೇ ಪುಷ್ಕಾಶ್‌ಗೆ ದುಭಾಷಿ, ಅವನೇ ತನ್ನ ಹಳೇ ಕಾರಿನಲ್ಲಿ ಪುಷ್ಕಾಶ್‌ನನ್ನು ಕೂರಿಸಿಕೊಂಡು ಪ್ರಾಕ್ಟೀಸಿಗೆ ಕರಕೊಂಡು ಹೋಗುವವನು. ದಾರಿಯುದ್ದಕ್ಕೂ ಮಾತು. ಜಗತ್ತಿನ ಎಷ್ಟೋ ಕೋಚ್‌ಗಳು ದುಡ್ಡು ಕೊಟ್ಟರೂ ಸಿಗದ ಪಾಠ ಈ ಹುಡುಗನಿಗೆ ಕಾರಿನಲ್ಲಿ ಪುಕ್ಕಟೆ ಸಿಕ್ಕಿತು. ಸಿಕ್ಕಿದ್ದು ಯಾವ ಭಾಷೆಯಲ್ಲಿ? ಶಾಲೆಯ ಇಂಗ್ಲಿಷಿನಲ್ಲಿ ಅಲ್ಲ. ಮನೆಯಲ್ಲಿ ಅಪ್ಪ ಅಮ್ಮ ಆಡುತ್ತಿದ್ದ, ಹೊರಗೆ ಆಡಿದರೆ ಜನ ನಗುತ್ತಿದ್ದ ಭಾಷೆಯಲ್ಲಿ.

ನಾನು ಈ ಭಾಗ ಓದಿದ ರಾತ್ರಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಮಕ್ಕಳು ಮನೆಯಲ್ಲಿ ತುಳು ಆಡ್ತಾರೆ, ಶಾಲೆಯಲ್ಲಿ ಕನ್ನಡ ಓದ್ತಾರೆ, ಬಸ್ಸಿನಲ್ಲಿ, ಆಫೀಸಿನಲ್ಲಿ ಮಲಯಾಳ. ಮೂರೂ ಅರ್ಧರ್ಧ ಅಂತ ನಾವೇ ಅವರನ್ನು ಬೈತೇವೆ. ಅರ್ಧ ಅಲ್ಲ, ಮೂರು ಉಂಟು. ಯಾವ ಪುಷ್ಕಾಶ್ ಯಾವ ಭಾಷೆ ಆಡಿಕೊಂಡು ಯಾವ ದಿನ ಬಂದಿಳೀತಾನೆ ಅಂತ ಯಾರಿಗೆ ಗೊತ್ತು?

ಪುಷ್ಕಾಶ್ ಕಲಿಸಿದ್ದು ಮುಂದೆ ಹೋಗಿ ಆಡುವುದನ್ನು. ಗೋಲು ಬೀಳದ ಹಾಗೆ ನೋಡಿಕೊಳ್ಳುವುದಕ್ಕಿಂತ ಗೋಲು ಹೊಡೆಯುವುದು ಅವನಿಗೆ ಮುಖ್ಯ. ಆಂಜ್‌ನ ಅಪ್ಪನಿಗೂ ಅಂಥ ಆಟವೇ ಇಷ್ಟ, ಚೆಂಡು ನೆಲದ ಮೇಲೆ ಇರಬೇಕು, ಮುಂದೆ ಹೋಗಬೇಕು. 1990-91ರ ಲೀಗ್ ಫೈನಲ್‌ನಲ್ಲಿ ಹೆಲ್ಲಾಸ್ ತಂಡ ಪೆನಾಲ್ಟಿಯಲ್ಲಿ ಮೆಲ್ಬರ್ನ್ ಕ್ರೊಯೇಷಿಯಾವನ್ನು ಸೋಲಿಸಿ ಗೆದ್ದಿತು. ಕ್ರೊಯೇಷಿಯಾ ಅಂದ್ರೆ ಆ ದೇಶ ಅಲ್ಲ, ಅಲ್ಲಿಂದ ಬಂದು ನೆಲೆಸಿದವರ ಕ್ಲಬ್ಬು. ಲೀಗಿನ ಬಹಳ ತಂಡಗಳು ಹಾಗೆಯೇ ಇದ್ದವು.

1996ರಲ್ಲಿ ಆಂಜ್ ಅದೇ ಕ್ಲಬ್ಬಿಗೆ ಕೋಚ್ ಆದ. ಸಾಲಾಗಿ ಎರಡು ಲೀಗ್ ಗೆದ್ದ, 1998 ಮತ್ತು 1999. ಓಷಿಯಾನಿಯಾದ ಕ್ಲಬ್ ಚಾಂಪಿಯನ್ ಆಗಿ 2000ದ ಜನವರಿಯಲ್ಲಿ ಬ್ರೆಜಿಲಿನ ಮರಕಾನಾ ಮೈದಾನದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ನಿಂತರು. ಗ್ರೀಕ್ ವಲಸಿಗರ ಕ್ಲಬ್ಬು ಅಲ್ಲಿ! 2-0ರಿಂದ ಸೋತರು. ಆ ಪಂದ್ಯಾವಳಿಯ ಮೂರೂ ಪಂದ್ಯ ಸೋತರು. ಈ ಮ್ಯಾಂಚೆಸ್ಟರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರ್ತದೆ.

ನಂತರ ಆಸ್ಟ್ರೇಲಿಯಾದ ಕಿರಿಯರ ತಂಡಗಳ ಕೋಚ್ ಆಗಿ ಏಳು ವರ್ಷ. ಇಲ್ಲಿ ಅವನು ಬಿದ್ದ. ಬಿದ್ದದ್ದು ಎಲ್ಲಿ ಗೊತ್ತುಂಟಾ? ನಮ್ಮ ದೇಶದಲ್ಲಿ. 2006ರ ಏಷ್ಯಾ ಯುವ ಚಾಂಪಿಯನ್‌ಶಿಪ್ ನಡೆದದ್ದು ಕೋಲ್ಕತ್ತ ಮತ್ತು ಬೆಂಗಳೂರಿನಲ್ಲಿ. ಅಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ ಕೊರಿಯಾ ಎದುರು ಸೋತು, ಆಸ್ಟ್ರೇಲಿಯಾ ಮುಂದಿನ ವರ್ಷದ 20 ವರ್ಷದೊಳಗಿನವರ ವಿಶ್ವಕಪ್ಪಿಗೆ ಹೋಗಲಿಲ್ಲ. ಟೀವಿಯಲ್ಲಿ ಕ್ರೇಗ್ ಫೋಸ್ಟರ್ ಎಂಬ ಮಾಜಿ ಆಟಗಾರ ಅವನನ್ನು ಎದುರಿಗಿಟ್ಟುಕೊಂಡು, ಕೆಲಸ ಬಿಡ್ತೀಯಾ ಇಲ್ವಾ ಅಂತ ದೇಶವೆಲ್ಲ ನೋಡುವ ಹಾಗೆ ಹರಿಹಾಯ್ದ. ಆಂಜ್ ಕೂಡ ಸುಮ್ಮನಿರಲಿಲ್ಲ, ಇಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಹತ್ತಿ ಕೂತರು. ಕೆಲವು ತಿಂಗಳಲ್ಲಿ ಕೆಲಸ ಹೋಯಿತು.

ಆಮೇಲೆ ಎರಡು ಮೂರು ವರ್ಷ ಅವನನ್ನು ಕೇಳುವವರಿಲ್ಲ. ಗ್ರೀಸಿಗೆ ಹೋಗಿ ಪನಖೈಕಿ ಎಂಬ ಮೂರನೇ ದರ್ಜೆಯ ತಂಡಕ್ಕೆ ಕೋಚ್ ಆದ, ಅಲ್ಲೂ ವರ್ಷ ತುಂಬಲಿಲ್ಲ. ತಿರುಗಿ ಬಂದು ಮೆಲ್ಬರ್ನಿನ ಸಣ್ಣ ಲೀಗಿನ ತಂಡವೊಂದನ್ನು ನೋಡಿಕೊಂಡ. ಟೀವಿಯಲ್ಲಿ ಪಂದ್ಯಗಳ ಬಗ್ಗೆ ಮಾತಾಡಿದ. ದೊಡ್ಡವರ ಜೀವನಚರಿತ್ರೆಯಲ್ಲಿ ಇಂಥ ವರ್ಷಗಳು ಅರ್ಧ ಪುಟದಲ್ಲಿ ಮುಗೀತವೆ. ಬದುಕಿದವನಿಗೆ ಅದು ಒಂದೊಂದು ದಿನವೂ ಬೆಳಗಿಂದ ಸಂಜೆ ತನಕ ಇರ್ತದೆ. ಪಿಎಸ್‌ಸಿ ರ್‍ಯಾಂಕ್ ಲಿಸ್ಟಿನಲ್ಲಿ ಹೆಸರು ಬಂದು ಕೆಲಸ ಬಾರದೆ ಕಾಯುವವರು ಇಲ್ಲಿ ಕೂತಿದ್ದೀರಿ, ನಿಮಗೆ ಅದರ ಲೆಕ್ಕ ಗೊತ್ತುಂಟು.

2009ರಲ್ಲಿ ಬ್ರಿಸ್ಬೇನ್ ರೋರ್ ಎಂಬ ತಂಡದ ಕೋಚ್ ಹುದ್ದೆ ನಡುವರ್ಷದಲ್ಲಿ ಖಾಲಿ ಆಯಿತು. ಆಂಜ್‌ನನ್ನು ಕರೆದರು. ಹೋದವನೇ ಮಾಡಿದ ಮೊದಲ ಕೆಲಸ, ಹೆಸರುವಾಸಿ ಹಳೇ ಆಟಗಾರರನ್ನು ಹೊರಗೆ ಕಳಿಸಿದ್ದು. ಜನ ಬೈದರು. ಅವನಿಗೆ ಬೇಕಾದದ್ದು ಒಂದೇ: ಚೆಂಡು ಬಿಟ್ಟುಕೊಡಬಾರದು, ಗೋಲ್‌ಕೀಪರನಿಂದ ಹಿಡಿದು ಕಾಲಿಂದ ಕಾಲಿಗೆ ಪಾಸ್ ಹೋಗಬೇಕು, ಚೆಂಡು ಕಳಕೊಂಡರೆ ಕೂಡಲೇ ಹೋಗಿ ಕಿತ್ತುಕೊಳ್ಳಬೇಕು. ಹೆದರಿ ದೂರ ಒದ್ದು ಕಳಿಸುವ ಹಾಗಿಲ್ಲ. ಮುಂದಿನ ವರ್ಷ ಈ ತಂಡ ಸೋಲುವುದನ್ನೇ ನಿಲ್ಲಿಸಿತು. ಲೀಗಿನಲ್ಲಿ ಸತತ 36 ಪಂದ್ಯ ಸೋಲಿಲ್ಲ. ಆ ದೇಶದ ದೊಡ್ಡ ದಾಖಲೆ.

2011ರ ಮಾರ್ಚ್ 13ರ ಫೈನಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೇನೆ. ಬ್ರಿಸ್ಬೇನಿನಲ್ಲೇ ಪಂದ್ಯ, 50 ಸಾವಿರ ಜನ. ಎದುರಿಗೆ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್. 90 ನಿಮಿಷ ಗೋಲಿಲ್ಲ. ಎಕ್ಸ್‌ಟ್ರಾ ಟೈಮಿನಲ್ಲಿ ಮ್ಯಾರಿನರ್ಸ್ ಒಂದು ಹೊಡೆದರು, ಇನ್ನೊಂದು ಹೊಡೆದರು. 2-0. ಜನ ಎದ್ದು ಮನೆ ಕಡೆ ಹೊರಟರು. ಮೂರು ನಿಮಿಷ ಉಳಿದಿತ್ತು. ನೀವಾದರೆ ಎಂತ ಮಾಡ್ತೀರಿ? ನಮ್ಮ ಸೆವೆನ್ಸಿನಲ್ಲಿ ಆದರೆ ಚೆಂಡು ಎತ್ತಿ ಎತ್ತಿ ಮುಂದಕ್ಕೆ ಒದೆಯುವುದು, ದೇವರು ಬಿಟ್ಟ ಹಾಗೆ. ಬ್ರಿಸ್ಬೇನ್ ಹುಡುಗರು ಆಗಲೂ ಪಾಸ್ ಮಾಡಿಯೇ ಆಡಿದರು. 117ನೇ ನಿಮಿಷಕ್ಕೆ ಹೆನ್ರಿಕ್ ಒಂದು ಹೊಡೆದ. ಕೊನೇ ಗಳಿಗೆಯಲ್ಲಿ ಕಾರ್ನರ್ ಬಂತು, ಎರಿಕ್ ಪಾರ್ತಾಲು ಎಂಬ ಉದ್ದದ ಹುಡುಗ ತಲೆ ಕೊಟ್ಟ. 2-2! ಹೊರಗೆ ದಾರಿಯಲ್ಲಿದ್ದವರು ಗಲಾಟೆ ಕೇಳಿ ತಿರುಗಿ ಓಡಿ ಬಂದಿರಬೇಕು. ಪೆನಾಲ್ಟಿಯಲ್ಲಿ 4-2ರಿಂದ ಗೆದ್ದರು. ಗೋಲ್‌ಕೀಪರ್ ಮೈಕಲ್ ಥಿಯೋ ಕೂಡ ಗ್ರೀಕ್ ಮನೆತನದ ಹುಡುಗನೇ. ಅಂದಹಾಗೆ ಈ ಪಾರ್ತಾಲು ಆಮೇಲೆ ಬೆಂಗಳೂರು ಎಫ್‌ಸಿಗೆ ಬಂದು ಆಡಿದ, ಕಂಠೀರವದಲ್ಲಿ ಅವನನ್ನು ಕಂಡವರು ಇಲ್ಲಿ ಯಾರಾದರೂ ಇರಬಹುದು.

ಮುಂದಿನ ವರ್ಷವೂ ಬ್ರಿಸ್ಬೇನ್ ಗೆದ್ದಿತು. ಆಮೇಲೆ ಮೆಲ್ಬರ್ನ್ ವಿಕ್ಟರಿ, ಅಲ್ಲಿಂದ 2013ರಲ್ಲಿ ಆಸ್ಟ್ರೇಲಿಯಾ ದೇಶದ ತಂಡ. ಆ ತಂಡ ಆಗಷ್ಟೇ ಬ್ರೆಜಿಲ್ ಎದುರು 6-0, ಫ್ರಾನ್ಸ್ ಎದುರು 6-0 ಸೋತು ಬಂದಿತ್ತು. 2014ರ ವಿಶ್ವಕಪ್ಪಿನಲ್ಲಿ ಚಿಲಿ, ನೆದರ್ಲೆಂಡ್ಸ್, ಸ್ಪೇನ್ ಇರುವ ಗುಂಪಿಗೆ ಬಿತ್ತು. ಹನ್ನೊಂದು ಜನವೂ ಗೋಲಿನ ಮುಂದೆ ಗೋಡೆ ಕಟ್ಟಿ ನಿಂತು ಮರ್ಯಾದೆ ಉಳಿಸಿಕೊಳ್ಳಿ ಅಂತ ಯಾರಾದರೂ ಹೇಳುವ ಪರಿಸ್ಥಿತಿ. ಅವನು ಹಾಗೆ ಆಡಿಸಲಿಲ್ಲ. ಮೂರೂ ಸೋತರು ನಿಜ. ಆದರೆ ನೆದರ್ಲೆಂಡ್ಸ್ ಎದುರು ಒಂದು ಹೊತ್ತಿನಲ್ಲಿ 2-1ರಿಂದ ಮುಂದೆ ಇದ್ದರು. ಟಿಮ್ ಕೇಹಿಲ್ ಗಾಳಿಯಲ್ಲಿದ್ದ ಚೆಂಡಿಗೆ ಎಡಗಾಲಿನಲ್ಲಿ ಕೊಟ್ಟ ಏಟನ್ನು ಇವತ್ತು ಮನೆಗೆ ಹೋಗಿ ಮೊಬೈಲಿನಲ್ಲಿ ನೋಡಿ.

ಇಲ್ಲಿ ನಮ್ಮ ಸಂಘದ ಒಂದು ಮಾತು. ಹೋದ ವರ್ಷ ನಮ್ಮ ಚಿಕ್ಕ ಮಕ್ಕಳ ತಂಡ ಹೊರಗೆ ಟೂರ್ನಮೆಂಟಿಗೆ ಹೋಗಿ 4-0 ಸೋತು ಬಂತು. ಜೀಪಿನಲ್ಲಿ ಬರುವಾಗ ಒಬ್ಬ ಹುಡುಗ ಸಮಾಧಾನ ಮಾಡುವ ಹಾಗೆ ನನಗೆ ಹೇಳಿದ, "ಹತ್ತು ಆಗ್ಲಿಲ್ವಲ್ಲ ಸರ್." ಸೋತದ್ದು ನನಗೆ ನೋಯಲಿಲ್ಲ. ಈ ಮಾತು ನೋಯಿತು. ಯಾಕಂದ್ರೆ ಅದು ಆ ಮಗುವಿನ ಮಾತಲ್ಲ, ನಾನು ಬದುವಿನ ಮೇಲೆ ನಿಂತ ದಿನದಿಂದ ನಮ್ಮ ಮನೆಗಳಲ್ಲಿ ಇರುವ ಮಾತು. ಅದನ್ನು ನಾವೇ ಅವನಿಗೆ ಕಲಿಸಿದ್ದು.

2015ರ ಜನವರಿ 31ರಂದು ಸಿಡ್ನಿಯಲ್ಲಿ ಏಷ್ಯಾ ಕಪ್ ಫೈನಲ್. ಆಸ್ಟ್ರೇಲಿಯಾ 1-0ರಿಂದ ಮುಂದೆ, 90 ನಿಮಿಷ ಮುಗಿದಿದೆ. ಆಗ ಕೊರಿಯಾದ ಸೋನ್ ಹ್ಯುಂಗ್-ಮಿನ್ ಸಮ ಮಾಡಿದ. ಎಕ್ಸ್‌ಟ್ರಾ ಟೈಮಿನಲ್ಲಿ ಆಸ್ಟ್ರೇಲಿಯಾ 2-1ರಿಂದ ಗೆದ್ದಿತು. 2018ರ ವಿಶ್ವಕಪ್ಪಿಗೂ ತಂಡವನ್ನು ಮುಟ್ಟಿಸಿದ, ಮುಟ್ಟಿಸಿದ ಕೂಡಲೇ ರಾಜೀನಾಮೆ ಕೊಟ್ಟ. ವಿಶ್ವಕಪ್ಪಿನ ಟಿಕೆಟ್ ಕೈಯಲ್ಲಿ ಇಟ್ಟುಕೊಂಡು ಬಸ್ಸಿನಿಂದ ಇಳಿದ ಹಾಗೆ. ನನಗೆ ಇದು ಇವತ್ತಿಗೂ ಅರ್ಥ ಆಗಿಲ್ಲ.

ಜಪಾನಿನ ಯೋಕೊಹಾಮಾ ತಂಡಕ್ಕೆ ಹೋದ. ಮೊದಲ ವರ್ಷ 12ನೇ ಸ್ಥಾನ, ಎರಡನೇ ವರ್ಷ, 2019ರಲ್ಲಿ, ಚಾಂಪಿಯನ್. 2021ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಕರೆಯಿತು. ಅಲ್ಲಿನ ರೇಡಿಯೋದಲ್ಲಿ, ಪತ್ರಿಕೆಯಲ್ಲಿ ಯಾರಪ್ಪಾ ಇವನು ಅಂತ ನಕ್ಕರು. ಮೊದಲ ಆರು ಲೀಗ್ ಪಂದ್ಯದಲ್ಲಿ ಮೂರು ಸೋತಾಗ ನಗು ಜೋರಾಯಿತು. ಆ ವರ್ಷವೇ ಲೀಗ್ ಗೆದ್ದ. ಮುಂದಿನ ವರ್ಷ ಅಲ್ಲಿನ ಮೂರೂ ಕಪ್ ಗೆದ್ದ. ಸೆಲ್ಟಿಕ್ ಬಗ್ಗೆ ಒಂದು ಮಾತು ಹೇಳಲೇಬೇಕು. 1887ರಲ್ಲಿ ಗ್ಲಾಸ್ಗೋ ಪಟ್ಟಣದ ಬಡ ಐರಿಶ್ ವಲಸಿಗರ ಮಕ್ಕಳಿಗೆ ಊಟಕ್ಕೆ ದುಡ್ಡು ಕೂಡಿಸಲಿಕ್ಕೆ ಅಂತ ಬ್ರದರ್ ವಾಲ್ಫ್ರಿಡ್ ಎಂಬವರು ಶುರು ಮಾಡಿದ ಕ್ಲಬ್ಬು ಅದು. ನೋಡಿ, ಎಇಕೆ, ಹೆಲ್ಲಾಸ್, ಸೆಲ್ಟಿಕ್. ಈ ಮನುಷ್ಯ ಎಲ್ಲಿ ಹೋದರೂ ಹೊರಗಿನವರು ಅನ್ನಿಸಿಕೊಂಡವರು ಕಟ್ಟಿದ ಕ್ಲಬ್ಬಿನ ಬಾಗಿಲು ಸಿಕ್ಕಿತು.

2023ರಲ್ಲಿ ಲಂಡನಿನ ಟಾಟನ್‌ಹ್ಯಾಮ್. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಮೊದಲ ಆಸ್ಟ್ರೇಲಿಯನ್ ಮ್ಯಾನೇಜರ್. ಮೊದಲ ಹತ್ತು ಪಂದ್ಯ ಸೋಲಿಲ್ಲ. ಹನ್ನೊಂದನೆಯದು ಚೆಲ್ಸಿ ಎದುರು. ಇಬ್ಬರಿಗೆ ಕೆಂಪು ಕಾರ್ಡ್, ಒಂಬತ್ತೇ ಜನ ಉಳಿದರು. ಆಗಲೂ ಡಿಫೆಂಡರುಗಳನ್ನು ಮೈದಾನದ ನಡುಗೆರೆಯ ತನಕ ಮುಂದೆ ನಿಲ್ಲಿಸಿದ. ಹಿಂದೆ ಖಾಲಿ ಗದ್ದೆ! 4-1 ಸೋತರು. ಕೇಳಿದರೆ ನಾವು ಇರುವುದೇ ಹೀಗೆ ಅನ್ನುವ ಧಾಟಿಯ ಉತ್ತರ. ಪಾಗಾರದ ಮೇಲಿನ ಹುಡುಗರು ಚಪ್ಪಾಳೆ ಹೊಡೀತಾ ಇದ್ದೀರಿ. ನಾನು ಹೊಡೆಯುವುದಿಲ್ಲ. ಒಂಬತ್ತು ಜನ ಇರುವಾಗ ಹಾಗೆ ಆಡುವುದು ಧೈರ್ಯವೋ ಹಟವೋ ಅಂತ ನನಗೆ ಸಂಶಯ ಉಂಟು. ಎರಡನೇ ವರ್ಷ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡರು, ಲೀಗಿನಲ್ಲಿ 22 ಪಂದ್ಯ ಸೋತು 17ನೇ ಸ್ಥಾನ. ಇನ್ನೊಂದು ಮೆಟ್ಟಿಲು ಇಳಿದಿದ್ದರೆ ಕೆಳಗಿನ ಲೀಗಿಗೆ ಬೀಳುವುದು. ಅದರಲ್ಲಿ ಅವನ ತಪ್ಪೂ ಉಂಟು.

ಆದರೆ ಆ ವರ್ಷದ ಶುರುವಿನಲ್ಲಿ ಅವನೊಂದು ಮಾತು ಹೇಳಿದ್ದ, ಎರಡನೇ ವರ್ಷದಲ್ಲಿ ನಾನು ಯಾವಾಗಲೂ ಏನಾದರೂ ಗೆಲ್ತೇನೆ ಅಂತ. ಸೋಲು ಹೆಚ್ಚಾದಂತೆ ಆ ಮಾತನ್ನು ಹಿಡಿದು ಅವನನ್ನು ಗೇಲಿ ಮಾಡಿದರು. 2025ರ ಮೇ 21, ಸ್ಪೇನಿನ ಬಿಲ್ಬಾವೋ ಪಟ್ಟಣ, ಯುರೋಪಾ ಲೀಗ್ ಫೈನಲ್. ಎದುರಿಗೆ ಯಾರು? ಮ್ಯಾಂಚೆಸ್ಟರ್ ಯುನೈಟೆಡ್. ಮರಕಾನಾದ 25 ವರ್ಷದ ಮೇಲೆ. ಬ್ರೆನನ್ ಜಾನ್ಸನ್‌ನ ಒಂದು ಗೋಲು, 1-0, ಟಾಟನ್‌ಹ್ಯಾಮ್ ಗೆದ್ದಿತು. 2008ರ ನಂತರ ಆ ಕ್ಲಬ್ಬಿಗೆ ಮೊದಲ ಕಪ್, 1984ರ ನಂತರ ಯುರೋಪಿನ ಮೊದಲ ಕಪ್. ತಮಾಷೆ ಎಂತ ಗೊತ್ತುಂಟಾ? ಆ ದಿನ ಅವನು ಹಟ ಬಿಟ್ಟಿದ್ದ. ಗೋಲು ಹೊಡೆದ ಮೇಲೆ ತಂಡ ಹಿಂದೆ ಸರಿದು ಗೋಡೆ ಕಟ್ಟಿ ನಿಂತಿತು. ಚೆಂಡು ಹೆಚ್ಚು ಹೊತ್ತು ಯುನೈಟೆಡ್ ಕಾಲಲ್ಲೇ ಇತ್ತು. ಮಿಕಿ ವಾನ್ ಡೆ ವೆನ್ ಗೋಲಿನ ಒಳಗೆ ಬೀಳುವ ಚೆಂಡನ್ನು ಗಾಳಿಯಲ್ಲಿ ಹಾರಿ ಕಾಲಿನಲ್ಲಿ ಹೊರಗೆ ಹಾಕಿದ. ಕಪ್ ಎತ್ತಿದ ಕ್ಯಾಪ್ಟನ್ ಸೋನ್ ಹ್ಯುಂಗ್-ಮಿನ್. ಹೌದು, ಸಿಡ್ನಿಯಲ್ಲಿ ಇವನ ತಂಡದ ವಿರುದ್ಧ ಕೊನೇ ಗಳಿಗೆಯಲ್ಲಿ ಗೋಲು ಹೊಡೆದ ಅದೇ ಸೋನ್.

ಹದಿನಾರು ದಿನ ಕಳೆದ ಮೇಲೆ ಟಾಟನ್‌ಹ್ಯಾಮ್ ಅವನನ್ನು ಕೆಲಸದಿಂದ ತೆಗೆಯಿತು. ಸೆಪ್ಟೆಂಬರಿನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದ. ಅದರ ಮಾಲೀಕನೂ ಗ್ರೀಕನೇ. 8 ಪಂದ್ಯ, ಒಂದೂ ಗೆಲುವಿಲ್ಲ, 39 ದಿನಕ್ಕೆ ಮನೆಗೆ ಕಳಿಸಿದರು. ಕೊನೆಯ ಪಂದ್ಯ ಮುಗಿದು ಅರ್ಧ ಗಂಟೆ ಕೂಡ ಕಾಯಲಿಲ್ಲ. ನಮ್ಮವನು ಅಂದ ಮಾತ್ರಕ್ಕೆ ನಮ್ಮವನು ಉಳಿಸ್ತಾನೆ ಅಂತ ಇಲ್ಲ.

ಇನ್ನು ಆ ಹೆಲ್ಲಾಸ್ ಕ್ಲಬ್ಬು ಎಂತಾಯಿತು? ಆಂಜ್‌ನ ಬಗ್ಗೆ ಮಾತಾಡುವವರು ಇದನ್ನು ಹೇಳದೆ ಬಿಡ್ತಾರೆ. 1990ರ ದಶಕದಲ್ಲಿ, ವಲಸಿಗರ ದೇಶದ ಹೆಸರುಗಳು ಇರಬಾರದು, ಎಲ್ಲರೂ ಬರುವ ಹಾಗೆ ಹೆಸರಿಡಿ ಅಂತ ಫುಟ್‌ಬಾಲ್ ಆಡಳಿತ ಒತ್ತಡ ತಂದಿತು. ಹೆಲ್ಲಾಸ್ ಅನ್ನುವುದು ಹೋಯಿತು, ಲೇಕರ್ಸ್ ಅಂತ ಬಂತು. 2004ರಲ್ಲಿ ಹಳೇ ಲೀಗನ್ನೇ ಮುಚ್ಚಿ, 2005ರಲ್ಲಿ ಹೊಸ ಎ-ಲೀಗ್ ಮಾಡಿದರು. ಮೆಲ್ಬರ್ನಿಗೆ ಒಂದು ಹೊಸ ಕ್ಲಬ್ಬು ಕೊಟ್ಟರು, ಅದೇ ವಿಕ್ಟರಿ. ನಾಲ್ಕು ಸಲ ದೇಶದ ಚಾಂಪಿಯನ್ ಆದ ಸೌತ್ ಮೆಲ್ಬರ್ನ್‌ಗೆ ಜಾಗ ಇಲ್ಲ, ರಾಜ್ಯದ ಲೀಗಿಗೆ ಇಳಿಯಬೇಕಾಯಿತು. ಯಾರೂ ಆಡದ ಕಾಲದಲ್ಲಿ ಆಟವನ್ನು ಉಳಿಸಿದವರು ಅವರು. ಆಟಕ್ಕೆ ಬೆಲೆ ಬಂದ ದಿನ ಅವರಿಗೆ ಬಾಗಿಲು ಹಾಕಿತು. ಎಲ್ಲರದ್ದೂ ಆಗಬೇಕು ಅನ್ನುವ ಮಾತು ಒಳ್ಳೆಯದೇ, ಆದರೆ ಹಾಗೆ ಹೇಳುವವರು ಮೊದಲು ಯಾರ ಹೆಸರನ್ನು ಅಳಿಸ್ತಾರೆ ಅಂತ ನೋಡಿಕೊಳ್ಳಿ.

ಕ್ಲಬ್ಬು ಮಾತ್ರ ಮುಚ್ಚಲಿಲ್ಲ. ಇಪ್ಪತ್ತು ವರ್ಷ ರಾಜ್ಯದ ಲೀಗಿನಲ್ಲಿ ಆಡಿಕೊಂಡೇ ಬಂತು. 2025ರಲ್ಲಿ ಆಸ್ಟ್ರೇಲಿಯನ್ ಚಾಂಪಿಯನ್‌ಶಿಪ್ ಅಂತ ಎರಡನೇ ಹಂತದ ರಾಷ್ಟ್ರೀಯ ಸ್ಪರ್ಧೆ ಶುರು ಮಾಡಿದಾಗ ಸೌತ್ ಮೆಲ್ಬರ್ನ್‌ಗೂ ಜಾಗ ಕೊಟ್ಟರು.

ನಾನು ಹೆಚ್ಚು ಹೊತ್ತು ತೆಗೆದುಕೊಂಡೆ, ಮಕ್ಕಳ ಡ್ಯಾನ್ಸ್ ಬಾಕಿ ಉಂಟು, ಬಣ್ಣ ಹಚ್ಚಿ ಕೂತಿದ್ದಾರೆ. ಒಂದು ಪ್ರಕಟಣೆ ಮಾತ್ರ. ಭಾನುವಾರ ನಾಲ್ಕು ಗಂಟೆಗೆ ಚಿಕ್ಕ ಮಕ್ಕಳ ಪ್ರಾಕ್ಟೀಸ್ ಇದ್ದೇ ಇರ್ತದೆ, ಮಳೆ ಬಂದರೂ. ಎಡಗಡೆಯ ಗೋಲ್‌ಪೋಸ್ಟಿನ ಬಲೆ ಹರಿದಿದೆ, ಹೊಲಿಯಲು ಗೊತ್ತಿದ್ದವರು ಮೂರೂವರೆಗೇ ಬನ್ನಿ. ಚೆಂಡು ತೋಟದ ಆಚೆ ಹೋದರೆ ಹೆಕ್ಕಿ ತರಲಿಕ್ಕೆ ಸಣ್ಣವರನ್ನು ಕಳಿಸಬೇಡಿ ಅಂತ ದೊಡ್ಡ ಹುಡುಗರಿಗೆ ಹೇಳಿದ್ದೇನೆ. ಒದ್ದವನೇ ಹೋಗಿ ತರಬೇಕು, ತಂದು ಕೈಗೆ ಕೊಡಬೇಕು.

ಜೈ ಭೀಮ್.